ಸಣ್ಣವರ ತಟ್ಟೆ

ಖಾಲಾ ಅವರ ಬೆರಳುಗಳು ಸದಾ ನೆನೆದಂತೆಯೇ ಇರುತ್ತಿದ್ದವು. ಬೆಳಗಿನಿಂದ ಕುದಿಯುವ ನೀರಿನಲ್ಲಿ ರೇಷ್ಮೆಗೂಡು ತಿರುವಿ ಎಳೆ ಹುಡುಕುತ್ತಿದ್ದ ಆ ಬೆರಳುಗಳ ತುದಿ ಬಿಳಿಚಿ, ಸುಕ್ಕುಗಟ್ಟಿ, ಅಲ್ಲಲ್ಲಿ ಸಿಪ್ಪೆ ಎದ್ದಿರುತ್ತಿತ್ತು. ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿಬಿಡುತ್ತಿದ್ದರು. "ಸುಡಲ್ವಾ ಖಾಲಾ?" ಎಂದರೆ, "ಸುಡೋ ಚರ್ಮ ಎಲ್ಲ ಯಾವಾಗ್ಲೋ ನೀರಲ್ಲಿ ಹೋಯ್ತಮ್ಮ, ಇದು ಬೇರೆ ಚರ್ಮ" ಎಂದು ನಗುತ್ತಿದ್ದರು. ಆ ಕೈಯಲ್ಲಿ ನಮ್ಮ ಕೆನ್ನೆ ಹಿಂಡಿದರೆ ಒದ್ದೆ ಬಟ್ಟೆ ತಾಗಿದಂತಾಗುತ್ತಿತ್ತು, ಜೊತೆಗೆ ಬೆಂದ ಹುಳದ ವಾಸನೆ. ಶಿಡ್ಲಘಟ್ಟದಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ. ನೆಂಟರು ಬಂದು ಮೂಗು ಮುಚ್ಚಿಕೊಂಡಾಗಲೇ ನಮಗೆ ಅದು ನೆನಪಾಗುತ್ತಿದ್ದುದು.

ನಾವು ದಿಬ್ಬೂರಹಳ್ಳಿ ಕಡೆಯವರು. ಅಪ್ಪನಿಗೆ ಶಿಡ್ಲಘಟ್ಟದ ಒಂದು ಕಚೇರಿಯಲ್ಲಿ ಕೆಲಸವಾದ ಮೇಲೆ ಹೊಲವನ್ನು ದಾಯಾದಿಗಳಿಗೆ ಪಾಲಿಗೆ ಕೊಟ್ಟು, ಅಜ್ಜಿಯನ್ನೂ ಕರೆದುಕೊಂಡು ಪೇಟೆಗೆ ಬಂದಿದ್ದೆವು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಾಡಿಗೆ ಮನೆಯ ಪಕ್ಕದಲ್ಲೇ ಖಾಲಾ ಅವರ ಮನೆ, ಮನೆಯ ಹಿಂದೆ ಅವರ ನೂಲು ಬಿಚ್ಚುವ ಶೆಡ್ಡು. ಎರಡು ಹಿತ್ತಲುಗಳ ನಡುವಿನ ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಬಿದ್ದು ದಾರಿಯಾಗಿತ್ತು. ಅದನ್ನು ಮುಚ್ಚಿಸುತ್ತೇನೆಂದು ಎರಡೂ ಮನೆಯ ಗಂಡಸರು ವರ್ಷಗಟ್ಟಲೆ ಹೇಳಿದರು. ಇಬ್ಬರೂ ಮುಚ್ಚಿಸಲಿಲ್ಲ.

ಬೀದಿಯ ಮಕ್ಕಳಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಅಮ್ಮ ಅವರನ್ನು ಅಕ್ಕ ಎನ್ನುತ್ತಿದ್ದಳು. ಅಜ್ಜಿಗೆ ಮಾತ್ರ, ಹಳ್ಳಿಯ ರೂಢಿಯಂತೆ, ಬೂಬಮ್ಮ. ಖಾಲಾ ನಮ್ಮ ಮನೆಗೆ ಬಂದರೆ ಕೂರುತ್ತಿರಲಿಲ್ಲ. "ಬಂದೆ, ಹೋದೆ" ಎಂದು ಬಾಗಿಲಿಗೆ ಒರಗಿ ನಿಂತು ಒಂದು ಗಂಟೆ ಮಾತಾಡುತ್ತಿದ್ದರು. ಚಹಾವನ್ನು ಸಾಸರಿಗೆ ಬಗ್ಗಿಸಿಕೊಂಡು, ಆರಿಸದೆ ಕುಡಿಯುತ್ತಿದ್ದರು. ಅವರ ಯಜಮಾನರು ಮೆತ್ತನೆಯ ಮನುಷ್ಯ. ಮಾರುಕಟ್ಟೆಯಿಂದ ಗೂಡು ಹೊತ್ತು ತಂದರೆ ಖಾಲಾ ಒಂದನ್ನೆತ್ತಿ ಕಿವಿಯ ಹತ್ತಿರ ಅಲುಗಾಡಿಸಿ, "ಕಣ್ಣು ಮುಚ್ಕೊಂಡು ತಂದ್ರಾ?" ಎಂದು ನಮಗೆಲ್ಲ ಕೇಳಿಸುವಂತೆ ಕನ್ನಡದಲ್ಲೇ ಬೈಯುತ್ತಿದ್ದರು. ಉರ್ದುವಿನಲ್ಲಿ ಬೈದರೆ ಅವರಿಗೆ ನಾಟುತ್ತಿರಲಿಲ್ಲವಂತೆ.

ನನಗೊಬ್ಬಳು ತಂಗಿಯಿದ್ದಳು. ಮನೆಯಲ್ಲಿ ಕರೆಯುತ್ತಿದ್ದುದು ಪುಟ್ಟಿ ಎಂದು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಮೆದುಳು ಜ್ವರ ಬರುತ್ತಿದ್ದ ಕಾಲ ಅದು. ಬೆಳಿಗ್ಗೆ ತಲೆನೋವು ಎಂದವಳನ್ನು ಮರುದಿನ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರು. ವಾರ ತುಂಬುವುದರೊಳಗೆ ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸು ತಂದರು. ಊರಿನ ಹೊಲದ ಬದುವಿನಲ್ಲಿ ಹೂತು, ಮೇಲೆ ಮುಳ್ಳು ಎಳೆದರು. ಮಕ್ಕಳನ್ನು ಹೂತ ಕಡೆ ಕಲ್ಲು ನೆಡುವುದು ನಮ್ಮಲ್ಲಿಲ್ಲ. ಮುಂದಿನ ಉಳುಮೆಗೆ ಮುಳ್ಳೂ ಹೋಯಿತು.

ಅದಕ್ಕಿಂತ ಬೇಗ ಹೋದದ್ದು ಅವಳ ಹೆಸರು. ಅಲ್ಲಿಯವರೆಗೆ ಬೀದಿಯ ಹೆಂಗಸರು ಅಮ್ಮನನ್ನು "ಪುಟ್ಟಿಯಮ್ಮ" ಎಂದು ಕರೆಯುತ್ತಿದ್ದರು. ಆಮೇಲೆ ಎಲ್ಲರೂ, ಒಬ್ಬರಿಗೊಬ್ಬರು ಹೇಳಿಕೊಂಡವರಂತೆ, ನನ್ನ ಹೆಸರು ಸೇರಿಸಿ ಕರೆಯತೊಡಗಿದರು. ಅದು ಕರುಣೆಯೇ ಇರಬಹುದು. ಆದರೆ ಅಮ್ಮ ಪ್ರತಿ ಸಲವೂ ಕ್ಷಣ ತಡೆದು ಓಗೊಡುತ್ತಿದ್ದಳು. ಅಪ್ಪ ಪುಟ್ಟಿಯ ಲಂಗಗಳನ್ನು ಯಾರಿಗೋ ಕೊಟ್ಟುಬಿಟ್ಟರು. ಮನೆಯಲ್ಲಿ ಅವಳ ಮಾತೆತ್ತಿದರೆ ಅಜ್ಜಿ ಎದ್ದು ಹೋಗುತ್ತಿದ್ದಳು. ಅಮ್ಮ ಅಳಲಿಲ್ಲ. ಉಣ್ಣುವುದನ್ನು ಮಾತ್ರ ಕಡಿಮೆ ಮಾಡುತ್ತಾ ಹೋದಳು, ಕೈಯ ಬಳೆ ಮೊಣಕೈವರೆಗೆ ಜಾರುವಷ್ಟು. ಅವಳಿಗೆ ಬೇಕಾಗಿದ್ದುದು ಒಂದೇ ಎಂದು ಈಗ ನನಗೆ ತಿಳಿಯುತ್ತದೆ: ತನ್ನ ಮಗಳು ಇದ್ದಳು ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹಾಗೆ ಹೇಳುತ್ತಿದ್ದವರು ಒಬ್ಬರೇ. ಗೋಡೆಯ ಆಚೆಯಿಂದ ದಿನವೂ ಅದೇ ಗಟ್ಟಿ ದನಿ: "ಪುಟ್ಟಿಯಮ್ಮಾ, ನೀರು ಬಂತು ನೋಡಿ!" ಅಜ್ಜಿ ಎರಡು ಸಲ ಕಣ್ಸನ್ನೆ ಮಾಡಿದಳು, ಒಂದು ಸಲ ನೇರವಾಗಿಯೇ ಬೇಡವೆಂದಳು. ಖಾಲಾ, "ಬೇರೆ ಏನಂತ ಕರೀಲಿ ಅಜ್ಜಿ, ಅವರು ಪುಟ್ಟಿಗೆ ಅಮ್ಮ ಅಲ್ವಾ?" ಎಂದು ನಿಜವಾಗಿಯೂ ಅರ್ಥವಾಗದವರಂತೆ ಕೇಳಿದರು.

ಮರುವರ್ಷ ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ನಡುಮನೆಯಲ್ಲಿ ತಾತನ ಫೋಟೊ ಒರಗಿಸಿ, ಹೊಸ ಪಂಚೆ ಮಡಿಸಿಟ್ಟು, ಬಾಳೆ ಎಲೆಯ ತುಂಬ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ. ತಾತ ಸೇದುತ್ತಿದ್ದ ಬೀಡಿಯ ಕಟ್ಟು ಒಂದು ಪಕ್ಕಕ್ಕೆ. ಸಾಂಬ್ರಾಣಿ ಹೊಗೆ ಹಾಕಿ, ಹಿರಿಯರ ಹೆಸರು ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಬಾಗಿಲು ತಟ್ಟಿ, ಒಂದು ಸಲ ಕೆಮ್ಮಿ, ಒಳಗೆ ಹೋಗುತ್ತಿದ್ದಳು.

ಬಾಗಿಲು ಎಳೆಯುವುದಕ್ಕೆ ಮುಂಚೆಯೇ ಆ ದಿನ ಖಾಲಾ ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಬಟ್ಟೆ ಸರಿಸಿದರೆ ಬೂಂದಿ, ಕಿತ್ತಳೆ ಬಣ್ಣದ ಪೆಪ್ಪರ್‌ಮೆಂಟು, ಚಿಕ್ಕ ಅಳತೆಯ ಹಸಿರು ಗಾಜಿನ ಬಳೆ. ಎಲೆಗಳ ಕಡೆ ನೋಡಿ, "ಪುಟ್ಟಿದು ಯಾವುದು?" ಎಂದು ಕೇಳಿದರು.

ಅವರ ಮನೆಯಲ್ಲಿ ಸತ್ತವರಿಗೆ ಫಾತಿಹಾ ಓದಿಸುವಾಗ ಮಕ್ಕಳಿಗೂ ಓದಿಸುತ್ತಾರೆ, ಅವರಿಗಿಷ್ಟವಾದದ್ದನ್ನು ತಟ್ಟೆಯಲ್ಲಿ ಇಡುತ್ತಾರೆ. ನಮ್ಮಲ್ಲೂ ಹಾಗೇ ಇರುತ್ತದೆಂದು ಅವರು ಎಣಿಸಿದ್ದರು. ಅದು ತಪ್ಪೆಂದು ಅವರಿಗೆ ಹೇಗೆ ಗೊತ್ತಾಗಬೇಕು?

"ಮಕ್ಕಳು ಹಿರೀಕರಾಗಲ್ಲ ಬೂಬಮ್ಮ" ಎಂದಳು ಅಜ್ಜಿ. "ಮಕ್ಕಳಿಗೆ ಎಡೆ ಇಕ್ಕಲ್ಲ ನಾವು."

"ದೊಡ್ಡವರೆಲ್ಲ ಒಳಗೆ ಊಟ ಮಾಡೋವಾಗ ಮಗೂನ ಹೊರಗೆ ನಿಲ್ಲಿಸ್ತೀರಾ?"

ಅಜ್ಜಿಯ ಮುಖ ಬಿಗಿಯಿತು. ಹೆದರಿದಾಗ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. "ವದ್ದಮ್ಮ, ವದ್ದು, ಬೇಡ" ಎಂದು ಕೈ ಅಡ್ಡ ಮಾಡಿದಳು. "ಕರೆದ್ರೆ ಬತ್ತದೆ. ಬಂದ್ರೆ ವಾಪಸ್ ಹೋಗೋಕೆ ಅದಕ್ಕೆ ತಿಳೀದು. ಆಡೋಕೆ ಜೊತೆ ಕೇಳ್ತದೆ. ಮನೇಲಿ ಇನ್ನೊಂದೈತೆ." ಹಾಗೆನ್ನುತ್ತಾ ನನ್ನ ಭುಜ ಹಿಡಿದು ತನ್ನ ಸೀರೆಗೆ ಒತ್ತಿಕೊಂಡಳು. ಅಜ್ಜಿಯನ್ನು ಕಲ್ಲುಮನಸ್ಸಿನವಳೆಂದು ಬರೆಯಲು ನನಗೆ ಆಗುವುದಿಲ್ಲ. ಅವಳು ಕಾಪಾಡಲು ಹೊರಟಿದ್ದು ನನ್ನನ್ನೇ.

ಖಾಲಾ ವಾದ ಮಾಡಲಿಲ್ಲ. ತಟ್ಟೆಯ ಮೇಲೆ ಬಟ್ಟೆ ಎಳೆದು, ಅಮ್ಮನ ಮುಖವನ್ನೊಮ್ಮೆ ನೋಡಿ, ಬಂದ ದಾರಿಯಲ್ಲೇ ಹೋದರು. ಅಮ್ಮ ಗೋಡೆಗೆ ಆತು ನಿಂತಿದ್ದಳು. ಆ ದಿನ ಅವಳು ಏನನ್ನೂ ಮುಟ್ಟಲಿಲ್ಲ.

ಆ ಒಂದೆರಡು ವರ್ಷ ನಮ್ಮ ಅಮಾವಾಸ್ಯೆ ಕಳೆಯುತ್ತಿದ್ದಂತೆ ಅವರ ಮೊಹರಂ ಚಂದ್ರ ಕಾಣುತ್ತಿತ್ತು. ಹಳ್ಳಿಗಳಲ್ಲಿ ಅದನ್ನೇ ಬಾಬಯ್ಯನ ಹಬ್ಬವೆಂದು ಕೆಂಡದ ಗುಂಡಿ ತೋಡುತ್ತಿದ್ದರು. ಖಾಲಾ ಅವರ ಮನೆಯಲ್ಲಿ ವರ್ಷದ ಫಾತಿಹಾ ಆಗುತ್ತಿದ್ದುದೂ ಆಗಲೇ. ಮಸೀದಿಯ ಹಜರತ್ತರು ಬಂದು, ಮಲೀದದ ಸಿಹಿ, ಶರಬತ್ತಿನ ಮುಂದೆ ಕೂತು ಮನೆಯ ಹಿರಿಯರಿಗೆ ಓದಿ ಹೋದರು. ಅವರು ಅತ್ತ ಹೋದ ಮೇಲೆ ಖಾಲಾ ಗೋಡೆಯ ದಾರಿಯಿಂದ ತಲೆ ಹಾಕಿ, "ಪುಟ್ಟಿಯಮ್ಮಾ, ಸ್ವಲ್ಪ ಬನ್ನಿ" ಎಂದರು. ನಾನೂ ಅಮ್ಮನ ಹಿಂದೆ ಹೋದೆ.

ಅಡುಗೆಮನೆಯ ಮೂಲೆಯಲ್ಲಿ ಇನ್ನೊಂದು ತಟ್ಟೆ ಇಟ್ಟಿದ್ದರು. ಅದೇ ಬೂಂದಿ, ಅದೇ ಪೆಪ್ಪರ್‌ಮೆಂಟು, ಬಳೆ, ಜೊತೆಗೆ ಒಂದು ಲೋಟ ಹಾಲು. "ಇದು ಸಣ್ಣವರ ತಟ್ಟೆ" ಎಂದರು. "ಇದಕ್ಕೆ ಹಜರತ್ ಬೇಡ, ನಾನೇ ಓದ್ಕೋತೀನಿ." ಅವರ ಮಕ್ಕಳಲ್ಲೂ ಇಬ್ಬರು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಅದನ್ನು ನಾವು ಕೇಳಿದ್ದೇ ಆವತ್ತು.

ಅಮ್ಮ ಬಾಗಿಲಲ್ಲೇ ನಿಂತು, "ಅಕ್ಕ, ನಾವು ಬೇರೆಯವರು. ಅವಳ ಹೆಸರು ಇಲ್ಲಿ ಹೇಳಬಹುದಾ?" ಎಂದು ಕೇಳಿದಳು.

"ಸಣ್ಣ ಮಕ್ಕಳು ಸೀದಾ ಜನ್ನತ್‌ಗೆ ಹೋಗ್ತಾರಮ್ಮ. ಅಲ್ಲಿ ಇಬ್ರಾಹೀಂ ನಬಿ ಅವರನ್ನ ನೋಡ್ಕೋತಾರೆ, ಅವರ ಬೀಬಿ ಊಟ ಹಾಕ್ತಾರೆ. ಶಿಡ್ಲಘಟ್ಟದ ಸಾಬರ ಮಕ್ಕಳು ಈ ಕಡೆ, ಗೌಡರ ಮಕ್ಕಳು ಆ ಕಡೆ ಅಂತ ಅವರು ಕೂರಿಸ್ತಾರಾ? ಬನ್ನಿ, ಹಾಲು ಆರ್ತದೆ."

ಸಾಂಬ್ರಾಣಿಗೆ ಅವರು ಲೋಬಾನ ಎನ್ನುತ್ತಿದ್ದರು. ಹೊಗೆ ಮಾತ್ರ ನಮ್ಮ ಮನೆಯದೇ. ಖಾಲಾ ಅಂಗೈ ಬಿಚ್ಚಿ, ಕಣ್ಣು ಮುಚ್ಚಿ, ತುಟಿಯಲ್ಲೇ ಓದಿಕೊಂಡರು. ಕೊನೆಗೆ ಹೆಸರುಗಳನ್ನು ಮಾತ್ರ ಗಟ್ಟಿಯಾಗಿ ಹೇಳಿದರು. ಮೊದಲು ಪುಟ್ಟಿ, ಆಮೇಲೆ ತಮ್ಮ ಮಕ್ಕಳು. "ಅವಳು ಹೊಸಬಳಲ್ವಾ, ನಾಚ್ಕೊಂಡು ಹಿಂದೆ ನಿಂತಿರ್ತಾಳೆ. ಅವಳನ್ನ ಮೊದಲು ಕರೀಬೇಕು" ಎಂದರು ನನ್ನ ಕಡೆ ತಿರುಗಿ. ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ಮೊದಲು ಸದ್ದಿಲ್ಲದೆ, ಆಮೇಲೆ ನನಗೆ ಭಯವಾಗುವಷ್ಟು ಜೋರಾಗಿ ಅತ್ತಳು. ಖಾಲಾ ಸಮಾಧಾನ ಮಾಡಲಿಲ್ಲ. ಬಾಗಿಲು ಹಾಕಿ, ಪಕ್ಕದಲ್ಲಿ ಕೂತು, ಅಮ್ಮನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದರು. ಮನೆಗೆ ಬಂದ ಮೇಲೆ ಅಮ್ಮ ಒಂದು ಮುದ್ದೆ ಪೂರ್ತಿ ಉಂಡಳು.

ಅಲ್ಲಿಂದ ಅದು ವರ್ಷಾವರ್ಷದ ರೂಢಿಯಾಯಿತು. ಆದರೆ ಒಂದು ತೊಡಕು ಬಂತು. ಅಧಿಕಮಾಸ ಬಂದ ವರ್ಷ ನಮ್ಮ ಪಕ್ಷ ಮುಂದಕ್ಕೆ ಹೋಯಿತು. ಅವರ ತಿಂಗಳುಗಳಿಗೆ ಅಧಿಕಮಾಸವಿಲ್ಲ, ಅವು ಪ್ರತಿ ವರ್ಷ ಹಿಂದೆ ಸರಿಯುತ್ತವೆ. ಮೊಹರಂ ಒಂದು ತಿಂಗಳು ಮೊದಲೇ ಬಂದು ಹೋಯಿತು. ಇನ್ನು ಎರಡೂ ಮತ್ತೆ ಸೇರುವುದು ಯಾವ ಕಾಲಕ್ಕೋ. ಖಾಲಾ ನಮ್ಮ ಅಂಗಳದಲ್ಲಿ ಬಾಗಿಲಿಗೆ ಒರಗಿ ಯೋಚಿಸಿ, "ದೊಡ್ಡವರದು ನಮ್ಮ ಚಾಂದ್ ನೋಡ್ಕೊಂಡೇ ಆಗ್ಲಿ. ಸಣ್ಣವರದು ಮಾತ್ರ ನಿಮ್ಮ ಅಮಾಸೆಗೆ ಮಾಡ್ತೀನಿ" ಎಂದು ಅಮ್ಮನ ಕಿವಿಯಲ್ಲಿ ಹೇಳಿದರು. "ಪುಟ್ಟಿಗೆ ಆ ದಿನ ಗೊತ್ತು. ನಮ್ಮವೂ ಅವಳ ಜೊತೆ ಬರ್ತಾವೆ. ಸಣ್ಣವು, ಬೇರೆ ಬೇರೆ ದಿನ ಕರೆದ್ರೆ ದಾರಿ ತಪ್ತಾವೆ."

ಅವರ ಯಜಮಾನರು ಇದಕ್ಕೆ ಗೊಣಗಿದ್ದುಂಟು. ಮಸೀದಿಯಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ ಎಂದರಂತೆ. "ನನ್ನ ಹೆಂಡತಿ ಮಾತು ಕೇಳಲ್ಲ ಅಂತ ಹೇಳಿ, ಎಲ್ಲಾರೂ ನಂಬ್ತಾರೆ" ಎಂದರಂತೆ ಖಾಲಾ. ಹಾಗೆ ನಮ್ಮ ನಡುಮನೆಯ ಬಾಗಿಲು ಮುಚ್ಚಿ ಹಿರಿಯರು ಉಣ್ಣುತ್ತಿರುವ ಹೊತ್ತಿಗೆ, ಅಮ್ಮ ನೀರು ಸೇದುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಗೋಡೆ ದಾಟಿ, ಸಣ್ಣವರ ತಟ್ಟೆಯ ಮುಂದೆ ಕೂತು ಬರುತ್ತಿದ್ದಳು.

ಅಜ್ಜಿಗೆ ಇದು ಗೊತ್ತಿಲ್ಲವೆಂದು ನಾವು ತಿಳಿದಿದ್ದೆವು. ಕೆಲವು ವರ್ಷಗಳಾದ ಮೇಲೆ, ಅವಳಿಗೆ ಮಂಡಿ ನೋವು ಜೋರಾಗಿದ್ದ ಒಂದು ಅಮಾವಾಸ್ಯೆಯಂದು, ಬಾಗಿಲು ಎಳೆದುಕೊಂಡ ಕೂಡಲೇ ಅವಳು ನನ್ನ ಹೆಗಲು ಹಿಡಿದು, "ನಡಿ, ನಿಮ್ಮಮ್ಮನ ಹಿಂದೆ ಹೋಗಣ" ಎಂದಳು. ಬೀದಿಯಲ್ಲಿ ಎಲ್ಲರೂ ನೋಡುವಂತೆ ಸುತ್ತಿ ಹೋಗುವ ಬದಲು ಅವಳೂ ಆ ಮುರಿದ ಗೋಡೆಯ ಮೇಲೇ ಕಾಲೆತ್ತಿಟ್ಟು, ನರಳುತ್ತಾ ದಾಟಿದಳು. ಅಮ್ಮ ಅವಳನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು. ಖಾಲಾ ಮಾತ್ರ ಒಂದು ಮಣೆ ಎಳೆದು ಹಾಕಿದರು.

ಅಜ್ಜಿ ತಟ್ಟೆಯನ್ನೇ ನೋಡುತ್ತಾ ಕೂತಳು. ಆಮೇಲೆ ತಲೆಯೆತ್ತದೆ, "ನಂದೂ ಎರಡವೆ ಬೂಬಮ್ಮ" ಎಂದಳು. "ಇವರಪ್ಪನಿಗಿಂತ ಮೊದಲಿನವು. ಸೇರಿಸ್ಕೊಂತೀಯಾ?"

ಅಮ್ಮನಿಗೂ ಇದು ಹೊಸ ಸುದ್ದಿ. ಆ ಮನೆಗೆ ಸೊಸೆಯಾಗಿ ಬಂದು ಅಷ್ಟು ವರ್ಷವಾದರೂ ಅಜ್ಜಿಯ ಬಾಯಿಂದ ಆ ಮಾತು ಬಂದಿರಲಿಲ್ಲ. ಖಾಲಾ ಹೆಸರು ಕೇಳಿದರು. ಅಜ್ಜಿ ಒಂದು ಹೆಸರು ಹೇಳಿದಳು, ಹೆಣ್ಣು ಮಗುವಿನದು. ಇನ್ನೊಂದಕ್ಕೆ ತಲೆಯಾಡಿಸಿದಳು.

"ಅದಕ್ಕೆ ಹೆಸರಿಕ್ಕಿರ್ಲಿಲ್ಲ. ತೊಟ್ಟಿಲಿಗೆ ಹಾಕೋಕೆ ಮುಂಚೆನೇ ಹೋಯ್ತು. ಗಂಡು."

"ಈಗ ಇಡಿ ಅಜ್ಜಿ. ಹೆಸರಿಲ್ದೆ ಏನಂತ ಕರೀಲಿ?"

ಅಜ್ಜಿ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಅವಳ ಮುಖ ನಾಚಿದ ಹುಡುಗಿಯದಾಯಿತು. ಸೆರಗಿನಿಂದ ಬಾಯಿ ಮರೆಮಾಡಿಕೊಂಡು, "ನಾರಾಯಣ ಅಂದ್ಕೊಂಡಿದ್ದೆ. ನಾರಾಯಣಪ್ಪ ಅನ್ನು" ಎಂದಳು. ತಾತನ ಕುಲದಲ್ಲೆಲ್ಲೂ ಆ ಹೆಸರಿಲ್ಲ. ಯಾರನ್ನೂ ಕೇಳದೆ, ಅವಳು ತನ್ನ ಮನಸ್ಸಿನಲ್ಲೇ ಇಟ್ಟುಕೊಂಡ ಹೆಸರು. ಖಾಲಾ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಕಲಿತು, ಅಂಗೈ ಬಿಚ್ಚಿ, ಆ ವರ್ಷದ ಹೊಸಬರೆಂದು ಆ ಇಬ್ಬರನ್ನೇ ಮೊದಲು ಕರೆದರು. ಅಜ್ಜಿ ಅಲ್ಲಿ ಅಳಲಿಲ್ಲ. ವಾಪಸು ಗೋಡೆ ದಾಟುವಾಗ ಕಲ್ಲಿನ ಮೇಲೆ ಕೂತು ಅತ್ತಳು. ನಡುಮನೆಯಲ್ಲಿ ತಾತನ ಎಡೆ ತಣ್ಣಗಾಗಿಹೋಗಿತ್ತು.

ತೊಂಬತ್ತರ ಮೊದಲ ವರ್ಷಗಳಲ್ಲಿ ಅಜ್ಜಿ ಹೋದಳು. ಆಮೇಲೆ ಖಾಲಾ ಅವರ ಯಜಮಾನರೂ ಹೋದರು. ಖಾಲಾ ಅವರಿಗೆ ಉಳಿದಿದ್ದ ಒಬ್ಬನೇ ಮಗ ಚಿಂತಾಮಣಿಯಲ್ಲಿ ಅಂಗಡಿ ಇಟ್ಟುಕೊಂಡು ದಿನವೂ ಮನೆಯಿಂದಲೇ ಓಡಾಡುತ್ತಿದ್ದ. ಅವನು ಒಳ್ಳೆಯ ಹುಡುಗ, ಐದು ಹೊತ್ತಿನ ನಮಾಜು ಬಿಟ್ಟವನಲ್ಲ. ಊಟವಿಟ್ಟು ಫಾತಿಹಾ ಓದುವುದು ದೀನಿನಲ್ಲಿ, ಅಂದರೆ ಧರ್ಮದಲ್ಲಿ, ಇಲ್ಲವೆಂದು ಯಾರಿಂದಲೋ ತಿಳಿದುಕೊಂಡು ತಾಯಿಗೆ ಹೇಳಿದ. ಖಾಲಾ ಉರ್ದುವಿನಲ್ಲಿ ಕೊಟ್ಟ ಉತ್ತರ ನನಗೆ ಅರ್ಥವಾದಷ್ಟು ಇಷ್ಟು: ನೀನು ತಿಳಿದದ್ದು ಸರಿಯಿರಬಹುದು, ದೊಡ್ಡವರದನ್ನು ನಿಲ್ಲಿಸುತ್ತೇನೆ, ಆದರೆ ಮಕ್ಕಳಿಗೆ ಊಟ ಹಾಕುವುದಕ್ಕೆ ತಾಯಿ ಯಾರನ್ನೂ ಕೇಳುವುದಿಲ್ಲ. ಅವನು ಗೌರವದಿಂದ ಸುಮ್ಮನಾದ. ಅವನ ಮೇಲೆ ನನಗೆ ಆಗಲೂ ಕೋಪವಿರಲಿಲ್ಲ, ಈಗಲೂ ಇಲ್ಲ.

ಆಮೇಲೆ ಒಂದು ಬೇಸಿಗೆಯಲ್ಲಿ ಖಾಲಾ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಗಿ, ಮಾತು ನಿಂತಿತು. ಯಾರನ್ನೂ ಬಿಡದೆ ಛೇಡಿಸುತ್ತಿದ್ದ ಆ ಬಾಯಿ ಓರೆಯಾಗಿ ಮಲಗಿದ್ದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅಮ್ಮ ದಿನವೂ ಹೋಗಿ ಗಂಜಿ ಕುಡಿಸಿ ಬರುತ್ತಿದ್ದಳು. ಅಮಾವಾಸ್ಯೆ ಹತ್ತಿರ ಬಂದಂತೆ ಖಾಲಾ ಅಡುಗೆಮನೆಯ ಮೂಲೆಯ ಕಡೆ ನೋಡಿ ನೋಡಿ ಕಣ್ಣೀರು ಹಾಕುತ್ತಿದ್ದರು. ಏನು ಕೇಳುತ್ತಿದ್ದಾರೆಂದು ಅಮ್ಮನಿಗೆ ಗೊತ್ತಿತ್ತು.

ಆ ದಿನ ಅಮ್ಮ ತಟ್ಟೆ ಹಿಡಿದು ಹೋದಳು. ಮಗ ಕೋಣೆಯ ಬಾಗಿಲಲ್ಲಿದ್ದ. "ನಿನಗೆ ಬೇಡ ಅನಿಸಿದ್ರೆ ಹೇಳಪ್ಪ, ಹೋಗ್ತೀನಿ" ಎಂದಳು ಅಮ್ಮ. ಅವನು ತಾಯಿಯ ಮುಖ ನೋಡಿ, ಪಕ್ಕಕ್ಕೆ ಸರಿದ. ಅಮ್ಮನಿಗೆ ಫಾತಿಹಾ ಓದುವುದು ಬಾರದು. ಹಾಸಿಗೆಯ ಪಕ್ಕ ಕೂತು ಬರೀ ಹೆಸರುಗಳನ್ನು ಹೇಳತೊಡಗಿದಳು. ಮರ್ಯಾದೆಗೆಂದು ಖಾಲಾ ಅವರ ಮಕ್ಕಳ ಹೆಸರನ್ನು ಮೊದಲು ಹೇಳಿದಳು. ಖಾಲಾ ಗಂಟಲಲ್ಲೇ ನರಳಿ, ನೆಟ್ಟಗಿದ್ದ ಎಡಗೈಯಿಂದ ಹಾಸಿಗೆ ಬಡಿದರು. ಅಮ್ಮ ನಿಲ್ಲಿಸಿ, ತಿಳಿದುಕೊಂಡು, ಪುಟ್ಟಿಯಿಂದ ಮತ್ತೆ ಶುರುಮಾಡಿದಳು. ಪುಟ್ಟಿ ಹೊಸಬಳಾಗಿದ್ದುದು ಎಷ್ಟೋ ವರ್ಷದ ಹಿಂದೆ. ಖಾಲಾ ಅವರಿಗೆ ಅವಳು ಹಿಂದೆ ನಿಂತಿರುವುದು ಇನ್ನೂ ಕಾಣುತ್ತಿತ್ತೇನೋ. ಆ ಹೆಸರು ಕೇಳಿದ ಮೇಲೆ ಅವರ ಕೈ ಸುಮ್ಮನಾಯಿತು.

ಆ ಚಳಿಗಾಲ ಅವರು ತೀರಿಕೊಂಡರು. ಹೆಂಗಸರು ಕಬರಸ್ತಾನಕ್ಕೆ ಹೋಗುವಂತಿಲ್ಲ. ಅಮ್ಮ ಬೀದಿಯ ತಿರುವಿನವರೆಗೆ ಹಿಂದೆ ಹೋಗಿ ನಿಂತಳು.

ಮುಂದಿನ ಮಹಾಲಯ ಅಮಾವಾಸ್ಯೆಗೆ ಅಮ್ಮನೇ ಮನೆಗೆ ಹಿರಿಯಳು. ತಾತನ, ಅಜ್ಜಿಯ ಎಲೆಗಳ ಪಕ್ಕದಲ್ಲಿ ಅವಳು ಸಣ್ಣವರ ತಟ್ಟೆಯನ್ನು ನಡುಮನೆಯಲ್ಲೇ ಇಟ್ಟಳು. ಅದರ ಪಕ್ಕ ಇನ್ನೊಂದು ಎಲೆ ಹಾಸಿ, ಸಾಬರ ಅಂಗಡಿಯಿಂದಲೇ ತರಿಸಿದ್ದ ಮಾಂಸ ಬಡಿಸಿ, ಸಾಸರಿನಲ್ಲಿ ಚಹಾ ಇಟ್ಟಳು. ಸಾಂಬ್ರಾಣಿ ಹಾಕಿ ಒಂದೊಂದೇ ಹೆಸರು ಕರೆಯುತ್ತಾ ಬಂದಳು. ಆ ಎಲೆಯ ಮುಂದೆ ಬಂದು ಬಾಯಿ ತೆರೆದವಳು ಹಾಗೇ ನಿಂತಳು.

"ಅಕ್ಕನ ಹೆಸರೇನೇ?" ಎಂದು ನನ್ನ ಕಡೆ ತಿರುಗಿದಳು.

ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ. ಆ ಊರಿನಲ್ಲಿ ಖಾಲಾ ಎನ್ನಿಸಿಕೊಳ್ಳುವವರು ನೂರಾರು ಮಂದಿ, ಬೂಬಮ್ಮ ಎಂದರೆ ಯಾರಾದರೂ ಆಗಬಹುದು. ನಮ್ಮ ಮನೆಯ ಮಕ್ಕಳನ್ನೆಲ್ಲ, ತೊಟ್ಟಿಲೇರದ ಕೂಸನ್ನೂ ಸಹ, ಹೆಸರು ಹಿಡಿದು ಕರೆದವರನ್ನು ಕರೆಯಲು ನಮ್ಮಲ್ಲಿ ಒಂದು ಹೆಸರಿರಲಿಲ್ಲ. ಅಮ್ಮ ಎಡೆಯನ್ನು ಹಾಗೇ ಬಿಟ್ಟು ಬೀದಿಗೆ ಇಳಿದು, ಪಕ್ಕದ ಮನೆಯ ಮುಂಬಾಗಿಲು ತಟ್ಟಿದಳು. ಮಗ ಬಂದ. ಯಾಕೆ ಎಂದು ಅವನು ಕೇಳಲಿಲ್ಲ. ತಾಯಿಯ ಹೆಸರು ಹೇಳಿದ. ಆಮೇಲೆ ತಾಯಿಯ ತಂದೆಯ ಹೆಸರನ್ನೂ ಸೇರಿಸಿ ಇನ್ನೊಮ್ಮೆ ನಿಧಾನವಾಗಿ ಹೇಳಿದ. ಅಮ್ಮ ಮರೆತುಹೋದೀತೆಂದು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಬಂದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಬಾಯಿಬಿಟ್ಟು ಕರೆಯುವುದಕ್ಕೆ ಇರುವ ಹೆಸರು. ಅಮ್ಮನೂ ಹೋದ ಮೇಲೆ ಈಗ ಎಡೆಯ ಮುಂದೆ ನಿಂತು ಕರೆಯುವವಳು ನಾನು. ನನ್ನ ಮಗಳಿಗೆ ಅಮ್ಮನ ಹೆಸರು, ಪುಟ್ಟಿಯ ಹೆಸರು, ನಾರಾಯಣಪ್ಪನ ಹೆಸರು ಕಲಿಸಿದ್ದೇನೆ. ಇದೊಂದು ಹೆಸರನ್ನು ಮಾತ್ರ ಅವಳಿಗೆ ಆಗಾಗ ಒಪ್ಪಿಸು ಎಂದು ಹೇಳಿ ಕೇಳುತ್ತಿರುತ್ತೇನೆ, ನನ್ನ ನಂತರ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಿರುವುದಿಲ್ಲ.